ಎರಡನೆಯ ಹೆಜ್ಜೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬರಿಂದ)

“ಮೊದಲನೆಯದು ಗೆದ್ದಿತು, ಎರಡನೆಯದು ಸಪ್ಪೆಯಾಯಿತು” ಎಂದು ಕವಿಗಳ ವಿಷಯದಲ್ಲಿಯೂ ಗಾಯಕರ ವಿಷಯದಲ್ಲಿಯೂ ತೀರ್ಪು ಕೊಟ್ಟುಬಿಡುವುದು ನಮ್ಮೆಲ್ಲರ ರೂಢಿ. ಈ ತೀರ್ಪು ಎಷ್ಟು ಅವಸರದ್ದೆಂಬುದನ್ನು ಇಂಗ್ಲೆಂಡಿನ ತರುಣರ ಒಂದು ವಾದ್ಯಗೋಷ್ಠಿಯ ಕಥೆ ಹೇಳುತ್ತದೆ.

ಲಂಡನ್ನಿನ ಪೂರ್ವಕ್ಕಿರುವ ಬ್ಯಾಸಿಲ್ಡನ್ ಊರಿನ ನಾಲ್ವರು ಹುಡುಗರು ಸೇರಿ, ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯವನ್ನೇ ಮುಖ್ಯವಾಗಿಟ್ಟುಕೊಂಡು ‘ಡಿಪೆಷ್ ಮೋಡ್’ ಎಂಬ ಮೇಳವನ್ನು ಕಟ್ಟಿದರು. ಅವರ ಮೊದಲ ಆಲ್ಬಮ್ 1981ರಲ್ಲಿ ಹೊರಬಂದು ಬ್ರಿಟನ್ನಿನ ಪಟ್ಟಿಯಲ್ಲಿ 10ನೆಯ ಸ್ಥಾನಕ್ಕೇರಿತು. ಅದರ 11 ರಚನೆಗಳಲ್ಲಿ 9 ವಿನ್ಸ್ ಕ್ಲಾರ್ಕ್ ಒಬ್ಬನವೇ. ಅದೇ ವರ್ಷದ ಕೊನೆಗೆ ಆತ ಮೇಳವನ್ನು ಬಿಟ್ಟು ನಡೆದ. ಹಾಡು ಕಟ್ಟುವವನೇ ಹೋದ ಮೇಲೆ ಉಳಿದವರ ಗತಿಯೇನು?

ಉಳಿದ ಮೂವರೂ, ಅಂದರೆ ಮಾರ್ಟಿನ್ ಗೋರ್, ಆಂಡ್ರ್ಯೂ ಫ್ಲೆಚರ್, ಡೇವ್ ಗಾನ್, ಆಗ ಹೆಚ್ಚುಕಡಿಮೆ ನಮ್ಮ ವಯಸ್ಸಿನವರೇ. ಹಾಡು ಬರೆಯುವ ಹೊಣೆಯನ್ನು ಗೋರ್ ಹೊತ್ತ. ವೇದಿಕೆಯ ಮೇಲೆ ನುಡಿಸಲು ಅಲನ್ ವೈಲ್ಡರ್ ಎಂಬ ನುರಿತ ವಾದಕನನ್ನು ಕರೆದುಕೊಂಡರೂ, ಧ್ವನಿಮುದ್ರಣಕ್ಕೆ ಮಾತ್ರ ಅವನನ್ನು ಸೇರಿಸಿಕೊಳ್ಳಲಿಲ್ಲ. ತಾವೇ ನಿಲ್ಲಬಲ್ಲೆವೆಂದು ತೋರಿಸಬೇಕೆಂಬುದೇ ಅವರ ಹಟ. ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿದ್ದ ಲಂಡನ್ನಿನ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲಿ, ನಿರ್ಮಾಪಕ ಡೇನಿಯಲ್ ಮಿಲ್ಲರನೊಡನೆ ಕುಳಿತು ಅವರು ಸಿದ್ಧಗೊಳಿಸಿದ ‘ಎ ಬ್ರೋಕನ್ ಫ್ರೇಮ್’ 1982ರ ಸೆಪ್ಟೆಂಬರಿನಲ್ಲಿ ಹೊರಬಂದಿತು. ಅದರ ಹತ್ತು ಹಾಡುಗಳೂ ಗೋರನವೇ.

ಅದು ನಿರ್ದೋಷವಾದ ಕೃತಿಯೆಂದು ನಾನು ವಾದಿಸುವುದಿಲ್ಲ. ಆಲ್ಬಮ್ ಪಟ್ಟಿಯಲ್ಲಿ 8ನೆಯ ಸ್ಥಾನ ಪಡೆದರೂ, ಅದರಿಂದ ಬಿಡಿಯಾಗಿ ಬಂದ ಮೂರು ಹಾಡುಗಳು ಕ್ರಮವಾಗಿ 6, 12, 18ನೆಯ ಸ್ಥಾನಕ್ಕೆ ನಿಂತವು. ಕೆಲವು ಹಾಡುಗಳಲ್ಲಿ ಬಿಟ್ಟುಹೋದವನ ಅನುಕರಣೆ ಎದ್ದು ಕಾಣುತ್ತದೆ. ಆದರೆ ಮೊದಲನೆಯ ಮತ್ತು ಕೊನೆಯ ಹಾಡುಗಳಲ್ಲಿ ಗಂಭೀರವಾದ, ಅವರದೇ ಆದ ಒಂದು ದನಿ ಕೇಳಿಬರುತ್ತದೆ. 1990ರ ‘ವಯಲೇಟರ್’ ಆಲ್ಬಮ್ಮಿನಿಂದ ಲೋಕಪ್ರಸಿದ್ಧವಾದುದು ಈ ದನಿಯೇ. ಎಡವಿದ ಎರಡನೆಯ ಹೆಜ್ಜೆಯಿಲ್ಲದೆ ಮುಂದಿನ ದಾರಿ ಎಲ್ಲಿಯದು?

ಈ ಮಾತು ನಮಗೂ ಸಲ್ಲುತ್ತದೆ. ಗುರುಗಳು ಕ್ಷಮಿಸಬೇಕು: ಮೂರು ವರ್ಷ ನಾವು ಪರೀಕ್ಷೆಯಲ್ಲಿ ಬರೆದುದರಲ್ಲಿ ಬಹುಪಾಲು ಅವರ ನೋಟ್ಸು. ಅಂಕ ನಮ್ಮದು, ವಾಕ್ಯ ಅವರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆಗ ಊರೆಲ್ಲ ಹೊಗಳಿತು. ಇನ್ನು ಮುಂದಿನ ದಾರಿಯನ್ನು ಕಂಡು ಹೇಳುವ ಹಿರಿಯರು ಮನೆಯಲ್ಲಿ ಯಾರೂ ಇಲ್ಲ. ಆ ಆಲ್ಬಮ್ಮಿನ ಹೊದಿಕೆಯ ಮೇಲೆ, ಮೋಡ ಕವಿದ ಆಕಾಶದ ಕೆಳಗೆ ಒಬ್ಬಳೇ ಪೈರು ಕೊಯ್ಯುತ್ತಿರುವ ಹೆಂಗಸಿನ ಚಿತ್ರವಿದೆ. ಅದನ್ನು ಕಂಡಾಗಲೆಲ್ಲ ರಾಗಿ ಕೊಯ್ಯುವ ನನ್ನ ತಾಯಿಯ ನೆನಪಾಗುತ್ತದೆ. ಒಂದು ವರ್ಷ ಬೆಳೆ ಕೈಕೊಟ್ಟಿತೆಂದು ಆಕೆ ಮರುವರ್ಷ ಬಿತ್ತದೆ ಬಿಟ್ಟವಳಲ್ಲ.

ಗೆಳೆಯರೆ, ನಮ್ಮ ಸ್ವಂತ ವಾಕ್ಯ ಮೊದಲು ತೊದಲಬಹುದು. ತೊದಲಲಿ. ಗುರುಗಳಲ್ಲಿ ನನ್ನದೊಂದೇ ಬಿನ್ನಹ: ಅಂದವಾದ ನಕಲಿಗೆ ಕೊಡುವ ಅಂಕಗಳಲ್ಲಿ ಒಂದೆರಡನ್ನು ಈ ತೊದಲಿಗೂ ಮೀಸಲಿಡಿರಿ.