ನೀರಿಗೆ ದಾರಿಯುಂಟು, ಮನುಷ್ಯನಿಗೆ?

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ನೆಲದಡಿ 2017ರಲ್ಲಿ ಒಂದು ಯಂತ್ರ ವ್ಯವಸ್ಥೆಯನ್ನು ಹೂತಿಟ್ಟರು. ಮಳೆ ಸುರಿದರೆ ಅದು ಹುಲ್ಲಿನ ನೀರನ್ನು ಹೀರಿ ಹೊರಹಾಕುತ್ತದೆ, ಆಟ ಬೇಗನೆ ಮುಂದುವರಿಯುತ್ತದೆ. ನೀರಿಗೆ ಇಷ್ಟು ಅಚ್ಚುಕಟ್ಟಾದ ದಾರಿ ಮಾಡಿದ ಅದೇ ಮೈದಾನದ ಗೇಟುಗಳ ಬಳಿ 2025ರ ಜೂನ್ 4ರಂದು ಹನ್ನೊಂದು ಮಂದಿ ಕಾಲ್ತುಳಿತದಲ್ಲಿ ಪ್ರಾಣ ಬಿಟ್ಟರು. ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಅಂದಿನಿಂದ ಎಲ್ಲರೂ ಬೈಯುತ್ತಿರುವುದು ಮೈದಾನವನ್ನು. ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗವೂ ದೊಡ್ಡ ಜನಸಂದಣಿಗೆ ಈ ಜಾಗ ಸುರಕ್ಷಿತವಲ್ಲ ಎಂದಿತು. ಆ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗೇಟುಗಳು ಜೂನ್ 4ರ ಬೆಳಿಗ್ಗೆ ಕಿರಿದಾದವುಗಳಲ್ಲವಲ್ಲ!

ಸ್ವಲ್ಪ ಹಿಂದಕ್ಕೆ ಹೋಗೋಣ. ದೊಡ್ಡ ಪಂದ್ಯಗಳು ಮೊದಲು ಸೆಂಟ್ರಲ್ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದವು. ಹೊಸ ಕ್ರೀಡಾಂಗಣಕ್ಕೆ 1969ರಲ್ಲಿ ಅಡಿಗಲ್ಲು ಬಿತ್ತು, 1970ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. ಜಾಗ ಸರ್ಕಾರದ್ದು, ಅಂದರೆ ನಮ್ಮದು. ಗುತ್ತಿಗೆ ಮಾತ್ರ ಕ್ರಿಕೆಟ್ ಸಂಸ್ಥೆಯದು. 1974ರಲ್ಲಿ ಇಲ್ಲಿಯೇ ಕರ್ನಾಟಕ, ಸತತ ಹದಿನೈದು ವರ್ಷ ರಣಜಿ ಗೆದ್ದಿದ್ದ ಬೊಂಬಾಯಿಯನ್ನು ಸೆಮಿಫೈನಲಿನಲ್ಲಿ ತಡೆಯಿತು. ವಿಶ್ವನಾಥ್, ಬ್ರಿಜೇಶ್ ಪಟೇಲ್ ಇಬ್ಬರದೂ ಶತಕ. ಹಿರಿಯರು ಇಂದಿಗೂ ಅದನ್ನು ಹೇಳಿಕೊಂಡು ಖುಷಿಪಡುತ್ತಾರೆ, ಪಡಲಿ. ಅದೇ ವರ್ಷದ ನವೆಂಬರಿನಲ್ಲಿ ಮೊದಲ ಟೆಸ್ಟ್. ವೆಸ್ಟ್ ಇಂಡೀಸಿನ ಗ್ರೀನಿಜ್ ಮತ್ತು ರಿಚರ್ಡ್ಸ್ ಟೆಸ್ಟ್ ಅಂಗಳಕ್ಕೆ ಕಾಲಿಟ್ಟದ್ದು ಇಲ್ಲೇ. ಪಟೌಡಿ ನಾಯಕತ್ವದ ಭಾರತ 267 ರನ್ನುಗಳಿಂದ ಸೋತಿತು. ಮಂಡ್ಯದ ವಕೀಲ ಎಂ. ಚಿನ್ನಸ್ವಾಮಿಯವರ ಹೆಸರು ಬಂದದ್ದು ಆಮೇಲೆ.

ಮುಂದೆ ಏನೆಲ್ಲ ಬಂತು ನೋಡಿ. 1996ರ ವಿಶ್ವಕಪ್ಪಿಗೆ ಹೊನಲು ಬೆಳಕಿನ ಕಂಬಗಳು. 2015ರಲ್ಲಿ ಚಾವಣಿಯ ಮೇಲೆ ಸೌರಫಲಕಗಳು. 2017ರಲ್ಲಿ ಆ ನೀರು ಹೀರುವ ಯಂತ್ರ. ನಡುವೆ 2010ರ ಏಪ್ರಿಲಿನಲ್ಲಿ ಐಪಿಎಲ್ ಪಂದ್ಯಕ್ಕೆ ಮುನ್ನ ಹೊರಗೆ ಬಾಂಬು ಸಿಡಿದಾಗ, ಗೋಡೆಯಾಚೆ ನಿಂತ ಪ್ರೇಕ್ಷಕನ ಸುರಕ್ಷತೆ ಎಷ್ಟೆಂಬುದು ಎಲ್ಲರಿಗೂ ತಿಳಿದಿತ್ತು. ಬೆಳಕಿಗೆ, ಬಿಸಿಲಿಗೆ, ನೀರಿಗೆ ಹಣ ಹುಟ್ಟಿತು. ಟಿಕೆಟು ಕೊಂಡು ಬಿಸಿಲಲ್ಲಿ ಸಾಲುನಿಲ್ಲುವವನಿಗೆ ಮಾತ್ರ ನೇರವಾಗಿ ಫುಟ್‌ಪಾತಿಗೆ ತೆರೆಯುವ ಗೇಟುಗಳೇ ಗತಿ. ಸಾಲು ನಿಲ್ಲಲು ಸರಿಯಾದ ಜಾಗವೂ ಇಲ್ಲ.

ಇನ್ನು ಆ ದಿನದ ಮಾತು. ಆರ್‌ಸಿಬಿ ಹದಿನೆಂಟನೇ ವರ್ಷಕ್ಕೆ ಕಪ್ಪು ಗೆದ್ದದ್ದು ಜೂನ್ 3ರ ರಾತ್ರಿ, ಅಹಮದಾಬಾದಿನಲ್ಲಿ. ಮರುದಿನವೇ ಸನ್ಮಾನ! ಮೂವತ್ತೈದು ಸಾವಿರದಷ್ಟು ಮಂದಿ ಹಿಡಿಸುವ ಜಾಗಕ್ಕೆ ಬಂದವರು ಎರಡು ಲಕ್ಷಕ್ಕೂ ಹೆಚ್ಚು ಎಂಬುದು ಸರ್ಕಾರದ್ದೇ ಲೆಕ್ಕ. ಅನುಮತಿಯಿಲ್ಲದೆ ಜನರನ್ನು ಕರೆದರು ಎಂದು ಸರ್ಕಾರ ತಂಡದತ್ತ ಬೆರಳು ತೋರಿಸಿತು. ಸರಿ. ಅದೇ ಸಂಜೆ ವಿಧಾನಸೌಧದ ಮೆಟ್ಟಿಲುಗಳ ಮೇಲೆ ಆಟಗಾರರ ಜತೆ ನಿಂತು ಫೋಟೋ ತೆಗೆಸಿಕೊಂಡವರು ಯಾರು? ಜನ ಬರುವುದಕ್ಕೆ ಆ ವೇದಿಕೆ ಕಾರಣವಲ್ಲವೆ? ಹೊರಗೆ ಜನ ಸಾಯುತ್ತಿರುವಾಗ ಒಳಗೆ ಸಮಾರಂಭ ನಡೆಯಿತು. ಪೊಲೀಸ್ ಅಧಿಕಾರಿಗಳನ್ನು ಅಮಾನತು ಮಾಡಿ, ಎರಡು ತಿಂಗಳು ತುಂಬುವ ಮೊದಲೇ ಅದನ್ನು ಹಿಂದಕ್ಕೂ ಪಡೆದರು.

ಬಳಿಕ ಊರ ಹೊರಗೆ, ಸೂರ್ಯನಗರದ ಕಡೆ ಎಂಬತ್ತು ಸಾವಿರ ಆಸನಗಳ ಕ್ರೀಡಾಂಗಣದ ಯೋಜನೆ ಬಂತು. ನಮಗೆ ಅದರ ಮೇಲೆ ದ್ವೇಷವೇನಿಲ್ಲ. ಅದರ ನಕ್ಷೆ ಕೈಗೆ ಬಂದ ದಿನ ಗೇಟುಗಳು ಎಷ್ಟು, ಎಷ್ಟು ಅಗಲ, ಯಾವ ಕಡೆಗೆ ತೆರೆಯುತ್ತವೆ, ಜನರನ್ನು ಕರೆಯುವ ಮೊದಲು ಯಾರ ಸಹಿ ಬೇಕು ಎಂದು ನಾವು ಕೇಳುವವರಿದ್ದೇವೆ. ಓದುಗರೂ ಕೇಳಬೇಕು.