ಅಜ್ಜ ಬರಿಗೈಯಲ್ಲಿ ಬಂದಿರಲಿಲ್ಲ

‘ಅಜ್ಜ ಬರಿಗೈಯಲ್ಲಿ ಪುಣೆಗೆ ಬಂದು ಮನೆ ಕಟ್ಟಿದರು’ ಎಂದು ನಮ್ಮ ಮನೆಯ ಪ್ರತಿ ಮದುವೆ, ಉಪನಯನದಲ್ಲಿ ಯಾರಾದರೊಬ್ಬರು ಹೇಳುತ್ತಾರೆ. ಕೇಳುತ್ತಲೇ ಬೆಳೆದೆ. ಐವತ್ತು ದಾಟಿದ ಮೇಲೆ ಅನ್ನಿಸುತ್ತಿದೆ, ಆ ಮಾತು ನಿಜವಲ್ಲ.

1938ರಲ್ಲಿ ಕುಂದಾಪುರದ ಕಡೆಯ ಹಳ್ಳಿ ಬಿಟ್ಟಾಗ ಅಜ್ಜನಿಗೆ ಹದಿನಾರು. ಘಟ್ಟ ಹತ್ತಿ, ಹುಬ್ಬಳ್ಳಿ, ಮಿರಜ್ ಹಾದು ಪುಣೆಯಲ್ಲಿ ಇಳಿದಾಗ ಅಂಗಿಯ ಕಿಸೆಯಲ್ಲಿ ಒಂದು ಕಾಗದ ಇತ್ತು. ಊರಿನ ಶ್ಯಾನುಭೋಗರು ಇಲ್ಲಿನ ಹೋಟೆಲಿನವರಿಗೆ ಬರೆದದ್ದು: ‘ಹುಡುಗ ನಮ್ಮವನು, ಒಂದು ಜಾಗ ಮಾಡಿಕೊಡಿ.’ ಆ ಹೋಟೆಲಿನ ಅಟ್ಟದಲ್ಲಿ ಏಳು ಜನರ ನಡುವೆ ಅಜ್ಜನ ಚಾಪೆ ಬಿತ್ತು. ಮೊದಲ ರೇಷನ್ ಕಾರ್ಡಿನಲ್ಲಿದ್ದದ್ದೂ ಹೋಟೆಲಿನ ವಿಳಾಸವೇ. ಫರ್ಗ್ಯುಸನ್ ರಸ್ತೆಯ ವೈಶಾಲಿ ಹೋಟೆಲನ್ನು ಕಟ್ಟಿದ ಜಗನ್ನಾಥ ಶೆಟ್ಟರೂ ಹುಡುಗನಾಗಿದ್ದಾಗ ಮೊದಲು ದುಡಿದದ್ದು ಕಲ್ಯಾಣದಲ್ಲಿ, ಬಂಧುಗಳ ಹೋಟೆಲಿನಲ್ಲಿ.

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಹಿಂದೆಯೇ ಖಡಕ್‌ವಾಸಲಾ ಕೂಡ. ಮುಠಾ ನದಿ ನಾರಾಯಣ ಪೇಠೆಯ ನಮ್ಮ ಬಾಡಿಗೆ ಕೋಣೆಯನ್ನು ಕೊಂಡೊಯ್ದಿತು. ಕೂಸನ್ನು ಸೊಂಟಕ್ಕೇರಿಸಿ ಓಡಿದ ಅಜ್ಜಿಗೆ ಬಾಗಿಲು ತೆರೆದವರು ಎತ್ತರದಲ್ಲಿದ್ದ ಒಂದು ಮರಾಠಿ ಕುಟುಂಬ. ಒಂಬತ್ತು ದಿನ ಅವರ ಮನೆಯ ಊಟ. ನೀರಿಳಿದ ಮೇಲೆ ಕೆಸರಿನಲ್ಲಿ ಸಿಕ್ಕಿದ್ದು ಅಜ್ಜಿಯ ರುಬ್ಬುವ ಕಲ್ಲು ಮಾತ್ರ.

ಆ ಕಲ್ಲಿನೊಂದಿಗೆ ಗೋಖಲೆನಗರದ ಗುಡ್ಡದ ಬುಡಕ್ಕೆ ಬಂದರು. ಸಂತ್ರಸ್ತರಿಗೆ ಕೊಟ್ಟ ನಿಸೆನ್ ಹಟ್, ಅರ್ಧ ಪೀಪಾಯಿಯ ಹಾಗೆ ಬಾಗಿದ ತಗಡಿನ ಮಾಡು. ಅಜ್ಜ ಬೆಳಗಿನ ನಾಲ್ಕಕ್ಕೇ ಹೋಟೆಲಿಗೆ ಹೊರಟರೆ, ಕಲ್ಲು ಹೆಕ್ಕಿ ಹಿತ್ತಲು ಮಾಡಿದ್ದು ಅಜ್ಜಿ. ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಸಳೆಯ ತುಂಡು ಅಲ್ಲಿ ಚಪ್ಪರಕ್ಕೆ ಹಬ್ಬಿತು. ಮದುವೆ ಮನೆಯ ಮಾತಿನಲ್ಲಿ ಆ ಬಸಳೆಯೂ ಇಲ್ಲ, ಅಜ್ಜಿಯೂ ಇಲ್ಲ.

ಕಳೆದ ತಿಂಗಳು ಪುಣೆಯ ಬಳಿಯ ವಾಕಡ್‌ನಲ್ಲಿ ಏಳುತ್ತಿರುವ ಕಟ್ಟಡವೊಂದರ ಬಳಿ ಕನ್ನಡ ಕೇಳಿ ನಿಂತೆ. ತಗಡಿನ ಶೆಡ್ಡಿನ ಮುಂದೆ ಮಗುವಿನ ತಲೆ ಬಾಚುತ್ತಿದ್ದ ತಾಯಿ ‘ನಮ್ದು ಯಾದಗಿರಿ ಕಡಿ ರೀ’ ಎಂದಳು. ‘ಇದ್ರ ಸಾಲಿದು ಏನ್ ಮಾಡೋದ್ರೀ ಅಕ್ಕಾರ? ಕೆಲ್ಸ ಮುಗುದ್ರ ಮತ್ತ ಬ್ಯಾರೆ ಕಡಿ.’ ಅದೇ ತಗಡು, ಅದೇ ವಿಳಾಸವಿಲ್ಲದ ಬದುಕು.

ಇವರಿಗಾಗಿ ಕಾನೂನು ಇದೆ. ಅದರ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯ ಫಲಾನುಭವಿಗಳಾಗಿ ಹೆಸರು ನೋಂದಾಯಿಸಬಹುದು. ಊರಿನ ರೇಷನ್ ಕಾರ್ಡಿಗೆ ಪುಣೆಯಲ್ಲೇ ಧಾನ್ಯ ಪಡೆಯಬಹುದು. ಆದರೆ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು, ಮರಾಠಿಯಲ್ಲಿ ಅರ್ಜಿ ತುಂಬಬೇಕು. ಇಲ್ಲಿನ ಕನ್ನಡಿಗರಾದ ನಮ್ಮಲ್ಲಿ ಗುತ್ತಿಗೆದಾರರಿದ್ದಾರೆ, ಎರಡೂ ಭಾಷೆ ಬಲ್ಲ ನಿವೃತ್ತರಿದ್ದಾರೆ. ಕನ್ನಡ ಸಂಘ ನಡೆಸುವ ಕನ್ನಡ ಮಾಧ್ಯಮದ ಶಾಲೆಯೇ ಈ ನಗರದಲ್ಲಿದೆ.

ಅಜ್ಜನ ಕಿಸೆಯಲ್ಲಿದ್ದ ಕಾಗದ ಎರಡು ಸಾಲಿನದು. ಅದರ ಮೇಲೆ ನಮ್ಮ ಮೂರು ತಲೆಮಾರು ನಿಂತಿದೆ. ಪುಣೆಯ ಕನ್ನಡಿಗರೇ, ಆ ಕಾಗದವನ್ನು ಈಗ ನಾವು ಬರೆಯಬೇಕು. ನಾನು ಈ ಭಾನುವಾರ ಪೆನ್ನು ಹಿಡಿದು ಆ ಶೆಡ್ಡಿಗೆ ಹೋಗುತ್ತೇನೆ.