ಪಂಚಾಯತಿ ಮುಚ್ಚುವ ಮುನ್ನ

2021ರ ಜೂನ್ 30ರಂದು ವಾಘೋಲಿ, ಮಾಂಜರಿ, ನರ್ಹೆ ಸೇರಿದಂತೆ 23 ಹಳ್ಳಿಗಳು ಪುಣೆ ಮಹಾನಗರಪಾಲಿಕೆಯ ಪಾಲಾದವು. ಗ್ರಾಮ ಪಂಚಾಯತಿಗಳು ಹೋದವು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿಯೂ ಮುಗಿಯಿತು. ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಅಲ್ಲಿಯವರೆಗೆ ಆ ಹಳ್ಳಿಗರಿಗೆ ತೆರಿಗೆಯಿತ್ತು, ತಾವು ಆರಿಸಿದ ಸದಸ್ಯನಿರಲಿಲ್ಲ.

ನಗರಕ್ಕೆ ಸೇರಿದರೆ ನೀರು, ರಸ್ತೆ ಬರುತ್ತವೆ ಎನ್ನುತ್ತಾರೆ. ಬರಲಿ. ಆದರೆ ನಲ್ಲಿ ಒಣಗಿದರೆ ಗ್ರಾಮಸಭೆಯಲ್ಲಿ ಸರಪಂಚರನ್ನು ಎಲ್ಲರೆದುರು ಕೇಳಬಹುದಿತ್ತು. ಆಡಳಿತಾಧಿಕಾರಿಯನ್ನು ಎಲ್ಲಿ ಹಿಡಿದು ಕೇಳುವುದು?

ನಾವು ನಗುವಂತಿಲ್ಲ. 110 ಹಳ್ಳಿಗಳನ್ನು ನುಂಗಿದ ಬೆಂಗಳೂರು ಪಾಲಿಕೆಯೂ 2020ರ ಸೆಪ್ಟೆಂಬರ್‌ನಿಂದ ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲೇ ಇತ್ತು.

ಹಳ್ಳಿ ನಗರವಾಗುವುದಕ್ಕೆ ನನ್ನ ತಕರಾರಿಲ್ಲ. ವಾರ್ಡಿನ ಚುನಾವಣೆ ಮುಗಿಯುವವರೆಗೆ ಪಂಚಾಯತಿಯ ಬಾಗಿಲು ಮುಚ್ಚಬೇಡಿ, ಅಷ್ಟೆ.